4 ಕೋಟಿ ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೆಂದು ಭಾಗಿಸಿ ನೋಡದೆ ತಿಳಿಯುವುದು ಹೇಗೆ?

ಹೊಳೆನರಸೀಪುರದ ಟೀಚರ್

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸಾಲದು ಅನ್ನಿಸಿದ್ದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ 2^136279841 − 1 (ಅಂದರೆ 136279841 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದದ್ದು) ಎಂಬ ಅವಿಭಾಜ್ಯ ಸಂಖ್ಯೆಯ ಬಗ್ಗೆ ತರಗತಿಯಲ್ಲಿ ಹೇಳಿದ್ದೆ. ಬಿಡಿಸಿ ಬರೆದರೆ ಅದರಲ್ಲಿ 4,10,24,320 ಅಂಕಿಗಳಿರುತ್ತವೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕೆಂದು ನಾವೇ ಕಲಿಸಿರುತ್ತೇವೆ. ಈ ಸಂಖ್ಯೆಯ ವರ್ಗಮೂಲದಲ್ಲೇ ಎರಡು ಕೋಟಿಗೂ ಹೆಚ್ಚು ಅಂಕಿಗಳಿವೆ. ಅಲ್ಲಿಯವರೆಗೆ ಭಾಗಿಸುತ್ತಾ ಹೋಗುವುದು ಯಾವ ಯಂತ್ರದಿಂದಲೂ ಆಗದ ಕೆಲಸ. ಹಾಗಿದ್ದರೆ ಇದಕ್ಕೆ ಅಪವರ್ತನಗಳಿಲ್ಲವೆಂದು ಹೇಳಿದವರು ಯಾವ ಧೈರ್ಯದಿಂದ ಹೇಳಿದರು ಎಂಬುದು ಹುಡುಗಿಯ ಪ್ರಶ್ನೆ. ‘ಅದಕ್ಕೊಂದು ವಿಶೇಷ ಪರೀಕ್ಷೆ ಇದೆ’ ಎಂದೆ. ‘ಆ ಪರೀಕ್ಷೆ ಸರಿಯೆಂದು ಹೇಗೆ ಗೊತ್ತು ಮಿಸ್?’ ಎಂದು ಮತ್ತೆ ಕೇಳಿದಳು. ಹೈಸ್ಕೂಲಿನ ಮಕ್ಕಳಿಗೆ ಅರ್ಥವಾಗುವಷ್ಟು ಸರಳವಾಗಿ, ಆದರೆ ಸುಳ್ಳು ಬೆರೆಸದೆ, ಇದನ್ನು ವಿವರಿಸಬಲ್ಲವರು ಇದ್ದರೆ ದಯವಿಟ್ಟು ಬರೆಯಿರಿ. ಈ ಒಂದು ಸಂಖ್ಯೆಯ ಬಗ್ಗೆ ಇನ್ನೇನೇನು ಖಚಿತವಾಗಿ ಹೇಳಬಹುದು ಎಂಬುದೂ ತಿಳಿಯಬೇಕಿದೆ.

ಕಡೂರಿನ ಓದುಗ

ಸೆಕೆಂಡಿಗೊಂದು ಅಂಕಿಯಂತೆ ಹಗಲೂ ರಾತ್ರಿ ಓದಿದರೂ ಈ ಸಂಖ್ಯೆಯನ್ನು ಓದಿ ಮುಗಿಸಲು ಸುಮಾರು 475 ದಿನ ಬೇಕು. ಮೊದಲು ಮಕ್ಕಳಿಗೆ ಈ ಗಾತ್ರವನ್ನು ಹೇಳಿ ಮೇಡಂ.

ಮೂಡಿಗೆರೆ ತೋಟದವನು

ಟೀಚರಮ್ಮನವರ ವಿದ್ಯಾರ್ಥಿನಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಯಂತ್ರ ‘ಹೌದು’ ಎಂದಿತು, ಪತ್ರಿಕೆಗಳು ಅಚ್ಚು ಮಾಡಿದವು, ನಾವು ನಂಬಿದೆವು. ಗಣಿತದಲ್ಲಿ ನಂಬಿಕೆಗೆ ಜಾಗವಿಲ್ಲ ಎಂದು ನಮಗೆ ಕಲಿಸಿದವರೇ ಈಗ ನಂಬಿ ಎನ್ನುತ್ತಿದ್ದಾರೆ. ಒಬ್ಬ ಮನುಷ್ಯ ಕೂತು ಪರಿಶೀಲಿಸಲಾಗದ್ದನ್ನು ಸಿದ್ಧವಾಯಿತು ಎಂದು ನಾನು ಒಪ್ಪುವುದಿಲ್ಲ. ಅಪವರ್ತನ ಇಲ್ಲ ಎಂದು ಹೇಳುವುದಕ್ಕೆ ಹುಡುಕದೆ ಬೇರೆ ದಾರಿ ಇದ್ದರೆ ಅದನ್ನು ತೋರಿಸಿ.

ಹಾಸನದ ನಿವೃತ್ತ ಉಪನ್ಯಾಸಕ

ದಾರಿ ಇದೆ, ಮೂಡಿಗೆರೆಯವರೇ. ಅದನ್ನು ಕಾಣಬೇಕಾದರೆ ಈ ಸಂಖ್ಯೆಯ ಆಕಾರವನ್ನು ಮೊದಲು ನೋಡಬೇಕು.

ಎರಡರ ಘಾತದಿಂದ ಒಂದನ್ನು ಕಳೆದಾಗ ಬರುವ ಸಂಖ್ಯೆಗಳಿಗೆ ಹದಿನೇಳನೆಯ ಶತಮಾನದ ಫ್ರೆಂಚ್ ಪಾದ್ರಿ ಮರೆನ್ ಮರ್ಸೆನ್ ಅವರ ಹೆಸರಿದೆ. ಘಾತಾಂಕ ಸಂಯುಕ್ತ ಸಂಖ್ಯೆಯಾಗಿದ್ದರೆ ಇಡೀ ಸಂಖ್ಯೆಯೂ ಸಂಯುಕ್ತವೇ ಆಗುತ್ತದೆ. ಉದಾಹರಣೆಗೆ 15 ಎಂದರೆ 3 ಗುಣಿಸು 5. ಆದ್ದರಿಂದ 2^15 − 1, ಅಂದರೆ 32767, 2^3 − 1 ಆದ 7ರಿಂದಲೂ 2^5 − 1 ಆದ 31ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಹೀಗಾಗಿ ಅವಿಭಾಜ್ಯ ಘಾತಾಂಕಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಆದರೆ ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಉತ್ತರವೂ ಅವಿಭಾಜ್ಯವಾಗಬೇಕೆಂದೇನೂ ಇಲ್ಲ. 2^11 − 1 = 2047 = 23 × 89. ಮಕ್ಕಳು ಇಲ್ಲೇ ಎಡವುತ್ತಾರೆ, ಇದನ್ನು ಒತ್ತಿ ಹೇಳಿ ಮೇಡಂ.

ಇನ್ನೊಂದು ಗುಣವಿದೆ. ಘಾತಾಂಕವನ್ನು ‘ಪ’ ಎನ್ನೋಣ. ‘ಪ’ ಬೆಸ ಅವಿಭಾಜ್ಯವಾಗಿದ್ದಾಗ 2^ಪ − 1ರ ಯಾವುದೇ ಅಪವರ್ತನವನ್ನು 2ಪದಿಂದ ಭಾಗಿಸಿದರೂ ಶೇಷ 1 ಬರಲೇಬೇಕು. 23 ಎಂದರೆ 22 + 1, 89 ಎಂದರೆ 88 + 1. ನಮ್ಮ ದೊಡ್ಡ ಸಂಖ್ಯೆಗೆ ಇದನ್ನು ಹಚ್ಚಿದರೆ 27,25,59,683ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ, 1ರ ಹೊರತಾಗಿ, ಅದನ್ನು ಭಾಗಿಸುವಂತಿಲ್ಲ ಎಂದು ಒಂದೇ ಒಂದು ಭಾಗಾಕಾರವನ್ನೂ ಮಾಡದೆ ಹೇಳಬಹುದು. ಇಷ್ಟರಿಂದಲೇ ಅವಿಭಾಜ್ಯವೆಂದು ಸಿದ್ಧವಾಗುವುದಿಲ್ಲ, ಅದು ನಿಜ. ಆದರೆ ಹುಡುಕದೆಯೂ ಅಪವರ್ತನಗಳ ಬಗ್ಗೆ ಖಚಿತವಾಗಿ ಮಾತನಾಡಬಹುದು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಮುಖ್ಯ ಪರೀಕ್ಷೆಯ ವಿಷಯವನ್ನು ಊಟ ಮುಗಿಸಿ ಬಂದು ಬರೆಯುತ್ತೇನೆ.

ಬೇಲೂರಿನ ಪಿಯುಸಿ ಹುಡುಗ

ಸರ್ ಬರುವಷ್ಟರಲ್ಲಿ ನಾನೊಂದು ಲೆಕ್ಕ ಹಾಕಿದ್ದೇನೆ. ಈ ಸಂಖ್ಯೆಯ ಕೊನೆಯ ಮೂರು ಅಂಕಿಗಳು 551. ಎರಡರ ಘಾತಗಳ ಕೊನೆಯ ಮೂರು ಅಂಕಿಗಳು, 2^3ರಿಂದ ಮುಂದಕ್ಕೆ, ಪ್ರತಿ 100 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 136279841ರ ಕೊನೆಯ ಎರಡು ಅಂಕಿ 41 ಆದ್ದರಿಂದ 2^41ರ ಕೊನೆ ಏನೆಂದು ನೋಡಿದರೆ ಸಾಕು. 2^41 = 2199023255552. ಕೊನೆಯಲ್ಲಿ 552 ಇದೆ, 1 ಕಳೆದರೆ 551. ಇದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಕೂಡ ಬೇಕಾಗಲಿಲ್ಲ.

ಅರಸೀಕೆರೆಯ ಲೆಕ್ಕಿಗ

ಚೆನ್ನಾಗಿ ಹೇಳಿದೆ ತಮ್ಮಾ. ಎಷ್ಟು ಅಂಕಿಗಳಿವೆ ಎಂಬುದನ್ನೂ ಹೀಗೆಯೇ ಪಡೆಯಬಹುದು. 2ರ ಲಾಗರಿದಮ್, ಅಂದರೆ 10ರ ಎಷ್ಟನೆಯ ಘಾತ 2 ಆಗುತ್ತದೋ ಆ ಸಂಖ್ಯೆ, ಆದ 0.30102999566ನ್ನು 136279841ರಿಂದ ಗುಣಿಸಿದರೆ ಸುಮಾರು 41024319.945 ಬರುತ್ತದೆ. ಪೂರ್ಣಾಂಕ ಭಾಗಕ್ಕೆ ಒಂದು ಸೇರಿಸಿದರೆ ಟೀಚರ್ ಹೇಳಿದ 4,10,24,320 ಆಯಿತು. ದಶಾಂಶದ ಭಾಗವಾದ .945 ಇನ್ನೊಂದು ಸಂಗತಿಯನ್ನು ಹೇಳುತ್ತದೆ: 10ರ .945ನೆಯ ಘಾತ 8.8ರಷ್ಟಿರುವುದರಿಂದ ಸಂಖ್ಯೆ 8ರಿಂದ ಆರಂಭವಾಗುತ್ತದೆ.

ಮೂಡಿಗೆರೆ ತೋಟದವನು

ಲಾಗರಿದಮ್ ಅಂದಾಜಿನ ಬೆಲೆ. ಅಂದಾಜಿನಿಂದ ನಾಲ್ಕು ಕೋಟಿಯಲ್ಲಿ ಒಂದಂಕಿಯೂ ತಪ್ಪದಂತೆ ಹೇಳುವುದು ಹೇಗೆ? ಅದಲ್ಲದೆ ನೀವು ಲೆಕ್ಕ ಹಾಕಿದ್ದು 2^136279841ಕ್ಕೆ, ಅದರಿಂದ ಒಂದು ಕಳೆದದ್ದಕ್ಕಲ್ಲ.

ಅರಸೀಕೆರೆಯ ಲೆಕ್ಕಿಗ

ಎರಡಕ್ಕೂ ಉತ್ತರವಿದೆ ಸ್ವಾಮಿ. ಲಾಗರಿದಮ್ಮಿನಲ್ಲಿ ಹನ್ನೊಂದನೆಯ ದಶಾಂಶ ಸ್ಥಾನದವರೆಗೆ ಸರಿಯಾದ ಬೆಲೆಯನ್ನು ತೆಗೆದುಕೊಂಡಿದ್ದೇನೆ. ಅದನ್ನು ಹದಿಮೂರೂವರೆ ಕೋಟಿಯಷ್ಟರಿಂದ ಗುಣಿಸಿದಾಗ ಬರಬಹುದಾದ ದೋಷ 0.01ಕ್ಕಿಂತಲೂ ಕಡಿಮೆ, ಮತ್ತು .945ರಿಂದ ಮುಂದಿನ ಪೂರ್ಣಾಂಕಕ್ಕೆ ಇರುವ ಅಂತರ ಅದಕ್ಕಿಂತ ಬಹಳ ಹೆಚ್ಚು. ಇನ್ನು ಒಂದು ಕಳೆದಾಗ ಅಂಕಿಗಳ ಸಂಖ್ಯೆ ಕಡಿಮೆಯಾಗಬೇಕಾದರೆ ಮೂಲ ಸಂಖ್ಯೆ 1ರ ಮುಂದೆ ಬರೀ ಸೊನ್ನೆಗಳಿರುವ 10ರ ಘಾತವಾಗಿರಬೇಕು. ಎರಡರ ಯಾವ ಘಾತವೂ ಸೊನ್ನೆಯಲ್ಲಿ ಕೊನೆಗೊಳ್ಳುವುದಿಲ್ಲ. ಅಂಕಿಗಳ ಎಣಿಕೆ ಖಚಿತವೇ.

ಹಾಸನದ ನಿವೃತ್ತ ಉಪನ್ಯಾಸಕ

ಈಗ ಪರೀಕ್ಷೆಗೆ ಬರೋಣ. ಇದರ ಬೀಜ ಫ್ರಾನ್ಸಿನ ಎದುವಾರ್ ಲೂಕಾ ಅವರದು. ಅವರು 1876ರಲ್ಲಿ ಈ ಬಗೆಯ ವಿಧಾನದಿಂದಲೇ 39 ಅಂಕಿಗಳ 2^127 − 1 ಅವಿಭಾಜ್ಯವೆಂದು ತೋರಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ ಎಂಬುದನ್ನು ಮೂಡಿಗೆರೆಯವರು ಗಮನಿಸಬೇಕು. ಅದನ್ನು ಇಂದಿನ ಸರಳ ರೂಪಕ್ಕೆ ತಂದವರು ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್, 1930ರಲ್ಲಿ.

ವಿಧಾನ ಹೀಗಿದೆ. 4ರಿಂದ ಆರಂಭಿಸಿ. ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬೇರೇನಾದರೂ ಬಂದರೆ ಸಂಯುಕ್ತ. 2^7 − 1 = 127ಕ್ಕೆ ಐದು ಸಲ ಮಾಡಬೇಕು. 4ರ ಮುಂದೆ 14. ನಂತರ 194, ಅದರ ಶೇಷ 67. ನಂತರ 4487, ಅದರ ಶೇಷ 42. ನಂತರ 1762, ಅದರ ಶೇಷ 111. ಕೊನೆಗೆ 12319, ಅದು ಸರಿಯಾಗಿ 97 × 127, ಶೇಷ ಸೊನ್ನೆ. ಇಲ್ಲಿ 3, 5, 7, 11 ಇವುಗಳಿಂದ ಭಾಗಿಸಿ ನೋಡಲೇ ಇಲ್ಲ, ಆದರೂ 127 ಅವಿಭಾಜ್ಯವೆಂದು ಗೊತ್ತಾಯಿತು. ನಮ್ಮ ದೊಡ್ಡ ಸಂಖ್ಯೆಗೂ ಇದೇ ಕೆಲಸವನ್ನು 13,62,79,839 ಸಲ ಮಾಡಬೇಕು.

ಸಕಲೇಶಪುರದಿಂದ ಸಾಫ್ಟ್‌ವೇರಿಗೆ ಹೋದವನು

ಉಪನ್ಯಾಸಕರು ಹೇಳಿದ್ದಕ್ಕೆ ಒಂದು ಮಾತನ್ನು ಸೇರಿಸಲೇಬೇಕು, ಏಕೆಂದರೆ ಮರ್ಸೆನ್ ಸಂಖ್ಯೆಗಳೇ ಮತ್ತೆ ಮತ್ತೆ ದಾಖಲೆ ಮುರಿಯುವುದರ ಗುಟ್ಟು ಇಲ್ಲಿದೆ. ದ್ವಿಮಾನ ಪದ್ಧತಿಯಲ್ಲಿ 127 ಎಂದರೆ 1111111, ಏಳು ಒಂದುಗಳು. ನಮ್ಮ ಸಂಖ್ಯೆಯನ್ನು ಹಾಗೆ ಬರೆದರೆ 136279841 ಒಂದುಗಳು ಸಾಲಾಗಿ ನಿಲ್ಲುತ್ತವೆ, ನಡುವೆ ಒಂದೇ ಒಂದು ಸೊನ್ನೆ ಇರುವುದಿಲ್ಲ. ಈ ಆಕಾರದ ಸಂಖ್ಯೆಯಿಂದ ಶೇಷ ತೆಗೆಯಲು ಭಾಗಾಕಾರವೇ ಬೇಡ.

4487ನ್ನೇ ನೋಡಿ. 127ರ ಬದಲು 128ರಿಂದ ಭಾಗಿಸಿದರೆ ಭಾಗಲಬ್ಧ 35, ಶೇಷ 7. ಎರಡನ್ನೂ ಕೂಡಿದರೆ 42. ಅದೇ 127ರ ಶೇಷ! 1762ರಲ್ಲಿ 13 ಮತ್ತು 98, ಕೂಡಿದರೆ 111. 12319ರಲ್ಲಿ 96 ಮತ್ತು 31, ಕೂಡಿದರೆ 127, ಅಂದರೆ ಸೊನ್ನೆ. 128ರಿಂದ ಭಾಗಿಸುವುದೆಂದರೆ ಕಂಪ್ಯೂಟರಿಗೆ ಅಂಕಿಗಳ ಸಾಲನ್ನು ಒಂದು ಕಡೆ ಕತ್ತರಿಸುವುದಷ್ಟೇ. ಕತ್ತರಿಸಿ, ಎಡಭಾಗವನ್ನು ಬಲಭಾಗಕ್ಕೆ ಕೂಡುವುದು. 128ನ್ನು 127ರಿಂದ ಭಾಗಿಸಿದಾಗ 1 ಉಳಿಯುವುದರಿಂದ, ಪ್ರತಿಯೊಂದು 128ರ ಕಟ್ಟೂ 1ಕ್ಕೆ ಸಮವಾಗಿಬಿಡುತ್ತದೆ. 9ರಿಂದ ಭಾಗಿಸಿದಾಗ ಬರುವ ಶೇಷವನ್ನು ಅಂಕಿಗಳನ್ನು ಕೂಡಿ ಪಡೆಯುತ್ತೇವಲ್ಲ, ತತ್ವ ಅದೇ.

ಉಳಿಯುವ ಕಷ್ಟ ವರ್ಗ ಮಾಡುವುದರದ್ದು. 4 ಕೋಟಿ ಅಂಕಿಗಳ ಸಂಖ್ಯೆಯನ್ನು ಶಾಲೆಯ ಕ್ರಮದಲ್ಲಿ ವರ್ಗ ಮಾಡಲು ಸುಮಾರು 1,700 ಲಕ್ಷ ಕೋಟಿ ಬಿಡಿ ಗುಣಾಕಾರಗಳು ಬೇಕು, ಅದೂ ಒಂದು ಹೆಜ್ಜೆಗೆ. ಹಾಗೆ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಅಂಕಿಗಳ ಸಾಲನ್ನು ಅಲೆಗಳ ಮೊತ್ತವಾಗಿ ಬಿಡಿಸಿಕೊಂಡು ಗುಣಿಸಿ ಮತ್ತೆ ಜೋಡಿಸುವ ತ್ವರಿತ ಫೂರಿಯರ್ ರೂಪಾಂತರ ಎಂಬ ವಿಧಾನ ಈ ಶ್ರಮವನ್ನು ಲಕ್ಷಗಟ್ಟಲೆ ಪಾಲು ಇಳಿಸುತ್ತದೆ. ಚಿತ್ರ ಸಂಸ್ಕರಣೆಯ ಚಿಪ್ಪುಗಳಿಗೆ ಇಂಥ ಕೆಲಸ ಸಲೀಸು. ಈ ಸಂಖ್ಯೆಯನ್ನು ಕಂಡುಕೊಂಡ ಲ್ಯೂಕ್ ಡ್ಯುರಾಂಟ್ ಹಿಂದೆ ಅಂಥ ಚಿಪ್ಪುಗಳ ಕಂಪನಿಯಾದ ಎನ್‌ವಿಡಿಯಾದಲ್ಲಿ ಕೆಲಸ ಮಾಡಿದವರು. 17 ದೇಶಗಳಲ್ಲಿ ಹರಡಿದ್ದ ಅಂಥ ಚಿಪ್ಪುಗಳನ್ನು ಒಟ್ಟಿಗೆ ದುಡಿಸಿದರು.

ಹೊಳೆನರಸೀಪುರದ ಟೀಚರ್

ಕತ್ತರಿಸಿ ಕೂಡುವ ಕ್ರಮವನ್ನು ಈಗಷ್ಟೇ 31ಕ್ಕೆ ಮಾಡಿ ನೋಡಿದೆ. 4, 14, ನಂತರ 194ಕ್ಕೆ 8, ನಂತರ 62ಕ್ಕೆ ಸೊನ್ನೆ. ಇದು ಮಕ್ಕಳ ಕೈಗೆ ನಿಲುಕುತ್ತದೆ. ಆದರೆ ಹುಡುಗಿಯ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು ಸರ್. ಸೊನ್ನೆ ಬಂದರೆ ಅವಿಭಾಜ್ಯ ಏಕೆ?

ಮೂಡಿಗೆರೆ ತೋಟದವನು

ನಾನು ಕೇಳಬೇಕೆಂದಿದ್ದೂ ಇದನ್ನೇ. 31ಕ್ಕೂ 127ಕ್ಕೂ ಸರಿಯಾಯಿತು ಎಂದ ಮಾತ್ರಕ್ಕೆ ಎಲ್ಲಕ್ಕೂ ಸರಿಯಾಗಬೇಕಿಲ್ಲ.

ಹಾಸನದ ನಿವೃತ್ತ ಉಪನ್ಯಾಸಕ

ಖಂಡಿತ ಆಗಬೇಕಿಲ್ಲ, ಅದಕ್ಕೇ ಸಾಧನೆ ಬೇಕು. ಸ್ವಲ್ಪ ತಾಳ್ಮೆಯಿಂದ ಓದಿ. ಕರಣಿಗಳ ಗುಣಾಕಾರ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

2 + √3 ಮತ್ತು 2 − √3 ಎಂಬ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವುಗಳ ಮೊತ್ತ 4, ಗುಣಲಬ್ಧ 1. ಗುಣಲಬ್ಧ 1 ಆದ್ದರಿಂದ, ಅವುಗಳ ವರ್ಗಗಳ ಮೊತ್ತವೆಂದರೆ ಮೊತ್ತದ ವರ್ಗದಿಂದ 2 ಕಳೆದದ್ದು, ಅಂದರೆ 14. ಮತ್ತೆ ವರ್ಗ ಮಾಡಿ ಕೂಡಿದರೆ 194. ನಾವು ಯಾಂತ್ರಿಕವಾಗಿ ಮಾಡುತ್ತಿದ್ದ ‘ವರ್ಗ ಮಾಡು, 2 ಕಳೆ’ ಎಂಬ ಕ್ರಿಯೆ ನಿಜವಾಗಿ 2 + √3ನ್ನು ಮತ್ತೆ ಮತ್ತೆ ವರ್ಗ ಮಾಡುವ ಕ್ರಿಯೆಯೇ.

ಪರೀಕ್ಷೆಯ ಕೊನೆಯಲ್ಲಿ ಸೊನ್ನೆ ಬಂತೆನ್ನಿ. ಅದನ್ನು ಒಂದು ಸಣ್ಣ ಗುಣಾಕಾರದಿಂದ ಹೀಗೆ ಬರೆದುಕೊಳ್ಳಬಹುದು: ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡರೆ, 2 + √3ರ 2^(ಪ−1)ನೆಯ ಘಾತ −1 ಆಗುತ್ತದೆ, ಹಾಗಾಗಿ 2^ಪನೆಯ ಘಾತ 1 ಆಗುತ್ತದೆ. ಈಗ, ನಮ್ಮ ಸಂಖ್ಯೆ ಅವಿಭಾಜ್ಯವಲ್ಲ ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಹಾಗಾದರೆ ಅದಕ್ಕೆ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಅದನ್ನು ‘ಕ’ ಎನ್ನೋಣ. ಇನ್ನು ಮುಂದೆ ಎಲ್ಲ ಶೇಷಗಳನ್ನೂ ‘ಕ’ದಿಂದ ತೆಗೆಯೋಣ. ಮೇಲಿನ ಎರಡೂ ಮಾತು ಆಗಲೂ ನಿಲ್ಲುತ್ತವೆ. 2^(ಪ−1)ನೆಯ ಘಾತದಲ್ಲಿ −1 ಬಂದು 2^ಪನೆಯ ಘಾತದಲ್ಲಿ ಮೊದಲ ಬಾರಿ 1 ಬರುವುದರಿಂದ, ಮೊದಲ 2^ಪ ಘಾತಗಳಲ್ಲಿ ಯಾವ ಎರಡೂ ಒಂದೇ ಆಗಿರಲಾರವು, ಯಾವುದೂ ಸೊನ್ನೆಯೂ ಆಗಲಾರದು. ಆದರೆ ‘ಕ’ದ ಶೇಷಗಳಿಂದ ಕಟ್ಟಬಹುದಾದ, ಒಂದು ಪೂರ್ಣಾಂಕಕ್ಕೆ √3ರ ಪೂರ್ಣಾಂಕ ಪಟ್ಟನ್ನು ಕೂಡಿದ ರೂಪದ ಸಂಖ್ಯೆಗಳು ಒಟ್ಟು ಇರುವುದೇ ‘ಕ’ದ ವರ್ಗದಷ್ಟು, ಸೊನ್ನೆ ಬಿಟ್ಟರೆ ಅದಕ್ಕಿಂತ ಒಂದು ಕಡಿಮೆ. ‘ಕ’ ವರ್ಗಮೂಲವನ್ನು ಮೀರುವುದಿಲ್ಲವಾದ್ದರಿಂದ ಅದರ ವರ್ಗ 2^ಪ − 1ನ್ನು ಮೀರುವುದಿಲ್ಲ. ಅಂದರೆ ಹೆಚ್ಚೆಂದರೆ 2^ಪ − 2 ಜಾಗಗಳಲ್ಲಿ 2^ಪ ಬೇರೆ ಬೇರೆ ಸಂಖ್ಯೆಗಳು ಕೂರಬೇಕು. ಐವತ್ತು ಸೀಟಿನ ಬಸ್ಸಿನಲ್ಲಿ ಐವತ್ತೆರಡು ಜನರಿಗೆ ಒಬ್ಬೊಬ್ಬರಿಗೊಂದು ಸೀಟು ಕೊಡುತ್ತೇನೆ ಎಂದಂತಾಯಿತು. ಅದು ಅಸಾಧ್ಯ. ಆದ್ದರಿಂದ ‘ಕ’ ಇಲ್ಲ.

ಸೊನ್ನೆ ಬಂದರೆ ಅವಿಭಾಜ್ಯ ಎಂಬುದಕ್ಕೆ ಇಷ್ಟು ಸಾಕು. ಅವಿಭಾಜ್ಯವಾಗಿದ್ದರೆ ಸೊನ್ನೆ ಬಂದೇ ಬರುತ್ತದೆ ಎಂಬ ಮತ್ತೊಂದು ದಿಕ್ಕಿನ ಸಾಧನೆಗೆ ವರ್ಗಶೇಷಗಳ ಸಿದ್ಧಾಂತ ಬೇಕಾಗುತ್ತದೆ, ಅದು ಪದವಿ ತರಗತಿಯ ವಿಷಯ. ನೋಡಿ ಮೂಡಿಗೆರೆಯವರೇ, ಈ ವಾದದಲ್ಲಿ ಯಂತ್ರದ ಹೆಸರೇ ಬರಲಿಲ್ಲ. ‘ಪ’ ಐದಾದರೂ ಹದಿಮೂರೂವರೆ ಕೋಟಿಯಾದರೂ ವಾದ ಒಂದೇ. ಯಂತ್ರ ಮಾಡುವುದು ವರ್ಗ ಮಾಡಿ ಕಳೆಯುವ ಕೂಲಿಯನ್ನು ಮಾತ್ರ.

ತರೀಕೆರೆಯ ಅಧ್ಯಾಪಿಕೆ

ಬಹಳ ಒಳ್ಳೆಯ ವಿವರಣೆ ಸರ್. ಎಷ್ಟೋ ಪುಸ್ತಕಗಳು ಪರೀಕ್ಷೆಯನ್ನು ಹೇಳಿ ಸಾಧನೆಯನ್ನು ಬಿಟ್ಟುಬಿಡುತ್ತವೆ. ಇದನ್ನು ಕರಿಹಲಗೆಯ ಮೇಲೆ ಅರ್ಧ ಗಂಟೆಯಲ್ಲಿ ಬರೆಯಬಹುದು.

ಮೂಡಿಗೆರೆ ತೋಟದವನು

ಸಾಧನೆಯನ್ನು ಎರಡು ಸಲ ಓದಿದೆ. ಸಿದ್ಧಾಂತ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಕೂಲಿಯಾಳು ಹದಿಮೂರೂವರೆ ಕೋಟಿ ಹೆಜ್ಜೆಗಳಲ್ಲಿ ಒಂದನ್ನು ತಪ್ಪಿಟ್ಟರೂ ಕೊನೆಯ ಉತ್ತರ ಹಾಳಾಗುತ್ತದಲ್ಲ, ಅದಕ್ಕೆ ಯಾರು ಹೊಣೆ?

ಸಕಲೇಶಪುರದಿಂದ ಸಾಫ್ಟ್‌ವೇರಿಗೆ ಹೋದವನು

ತಪ್ಪಾದ ಲೆಕ್ಕ ನಾಲ್ಕು ಕೋಟಿ ಅಂಕಿಗಳ ಉತ್ತರದಲ್ಲಿ ಪ್ರತಿಯೊಂದು ಅಂಕಿಯೂ ಸೊನ್ನೆಯಾಗುವಂತೆ ಆಕಸ್ಮಿಕವಾಗಿ ಬಂದು ನಿಲ್ಲುವುದು ಊಹೆಗೂ ಮೀರಿದ ಮಾತು. ಯಂತ್ರದ ತಪ್ಪಿನಿಂದ ಅವಿಭಾಜ್ಯವೊಂದು ಕೈತಪ್ಪಿಹೋಗುವ ಭಯ ಹೆಚ್ಚು, ಅವಿಭಾಜ್ಯವಲ್ಲದ್ದು ಒಳಗೆ ನುಸುಳುವ ಭಯ ಅತ್ಯಲ್ಪ.

ಆದರೂ ಅಷ್ಟಕ್ಕೇ ಬಿಡುವುದಿಲ್ಲ. ಮೊದಲು ನಡೆಯುವುದು ಫರ್ಮಾ ಅವರ ಪ್ರಮೇಯವನ್ನು ಆಧರಿಸಿದ ಬೇರೊಂದು ಪರೀಕ್ಷೆ: 3ನ್ನು ‘ಪ’ ಸಲ ವರ್ಗ ಮಾಡುತ್ತಾ, ಪ್ರತಿ ಸಲ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತಾ ಹೋದರೆ, ಸಂಖ್ಯೆ ಅವಿಭಾಜ್ಯವಾಗಿದ್ದಲ್ಲಿ ಕೊನೆಗೆ 9 ಉಳಿಯಬೇಕು. ಈ ಪರೀಕ್ಷೆಯಲ್ಲಿ ಗೆದ್ದದ್ದು ‘ಸಂಭಾವ್ಯ ಅವಿಭಾಜ್ಯ’ ಮಾತ್ರ, ಏಕೆಂದರೆ ಅಪರೂಪಕ್ಕೆ ಸಂಯುಕ್ತ ಸಂಖ್ಯೆಗಳೂ ಗೆಲ್ಲಬಹುದು. ಲೆಕ್ಕ ನಡೆಯುತ್ತಿರುವಾಗಲೇ ತಪ್ಪನ್ನು ಹಿಡಿಯುವ ತಪಾಸಣೆಯೂ ಇದರೊಳಗಿದೆ. 2024ರ ಅಕ್ಟೋಬರ್ 11–12ರ ಸುಮಾರಿಗೆ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಚಿಪ್ಪು ‘ಸಂಭಾವ್ಯ’ ಎಂದಿತು. ಅದರ ಬೆನ್ನಿಗೇ ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಚಿಪ್ಪು ಲೂಕಾ–ಲೆಹ್ಮರ್ ಪರೀಕ್ಷೆ ಮಾಡಿ ಖಚಿತಪಡಿಸಿತು. ಆಮೇಲೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆಯವರು ಬರೆದ ತಂತ್ರಾಂಶಗಳಲ್ಲಿ ಮತ್ತೆ ಮಾಡಿ ನೋಡಿ, ಅಕ್ಟೋಬರ್ 21ರಂದು ಘೋಷಿಸಿದರು.

ಅರಸೀಕೆರೆಯ ಲೆಕ್ಕಿಗ

ಕೈಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ ಎಂಬ ಭಾವನೆಗೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ. 1644ರಲ್ಲಿ ಮರ್ಸೆನ್ ಅವರೇ 257ರವರೆಗಿನ ಘಾತಾಂಕಗಳಲ್ಲಿ ಅವಿಭಾಜ್ಯ ಕೊಡುವವುಗಳ ಪಟ್ಟಿ ಕೊಟ್ಟಿದ್ದರು. ಅದರಲ್ಲಿ 67 ಮತ್ತು 257 ಸೇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. 2^67 − 1 ಸಂಯುಕ್ತವೆಂದು ಲೂಕಾ 1876ರಲ್ಲೇ ತೋರಿಸಿದ್ದರು, ಆದರೆ ಒಂದೂ ಅಪವರ್ತನವನ್ನು ಕೊಟ್ಟಿರಲಿಲ್ಲ, ಕೊಡುವ ಅಗತ್ಯವೂ ಅವರ ಪರೀಕ್ಷೆಗೆ ಇರಲಿಲ್ಲ. ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಅವರು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ 193707721ನ್ನು 761838257287ರಿಂದ ಹಲಗೆಯ ಮೇಲೆ ಗುಣಿಸಿ, 147573952589676412927 ಬಂದದ್ದನ್ನು ತೋರಿಸಿ, ಒಂದು ಮಾತೂ ಆಡದೆ ಕುಳಿತರೆಂದು ಹೇಳುತ್ತಾರೆ.

ಅಪವರ್ತನ ಇದೆ ಎಂದು ತಿಳಿಯುವುದಕ್ಕೂ ಅದು ಯಾವುದು ಎಂದು ತಿಳಿಯುವುದಕ್ಕೂ ನಡುವೆ ಇಪ್ಪತ್ತೇಳು ವರ್ಷ ಹಿಡಿಯಿತು. ಟೀಚರಮ್ಮ, ನಿಮ್ಮ ವಿದ್ಯಾರ್ಥಿನಿಗೆ ಇದನ್ನು ತಪ್ಪದೆ ಹೇಳಿ.

ಚನ್ನರಾಯಪಟ್ಟಣದವನು

ಇಷ್ಟು ದೊಡ್ಡ ಸಂಖ್ಯೆಗಳ ಚಿಂತನೆ ನಮ್ಮ ಶ್ರವಣಬೆಳಗೊಳದ ಜೈನ ಪರಂಪರೆಗೆ ಹೊಸದಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಸಂಖ್ಯೆಗಳನ್ನು ಅವರು ವಿಂಗಡಿಸಿದ್ದರು. ಎಲ್ಲವನ್ನೂ ಹೊರಗಿನವರೇ ಕಂಡುಹಿಡಿದರೆಂದು ಬರೆಯುತ್ತಾ ಹೋಗುವುದು ನನಗೆ ಸರಿಕಾಣುವುದಿಲ್ಲ.

ತರೀಕೆರೆಯ ಅಧ್ಯಾಪಿಕೆ

ಆ ವಿಂಗಡಣೆಯ ಬಗ್ಗೆ ನನಗೂ ಗೌರವವಿದೆ, ಆದರೆ ದೊಡ್ಡ ಸಂಖ್ಯೆಯನ್ನು ಹೆಸರಿಸುವುದು ಬೇರೆ, ಅದು ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಬೇರೆ. ಇಲ್ಲದ ಹಿರಿಮೆಯನ್ನು ಆರೋಪಿಸಿದರೆ ಇರುವ ಹಿರಿಮೆಯೂ ಮಸುಕಾಗುತ್ತದೆ. ಇಲ್ಲಿಗೆ ನಿಜವಾಗಿ ಹೊಂದುವ ಸಂಗತಿಯೊಂದು ಆ ಪರಂಪರೆಯಲ್ಲೇ ಇದೆ: ಜೈನ ಆಗಮಗಳಲ್ಲಿ ಒಂದೆಡೆ 2ರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿ 2^96ನ್ನು ಹೇಳಿದ್ದಾರೆ. ಅಂದರೆ 2ನ್ನು ತೊಂಬತ್ತಾರು ಸಲ ಬರೆದು ಗುಣಿಸುವ ಬದಲು ವರ್ಗ, ವರ್ಗದ ವರ್ಗ ಎಂದು ಏರುವ ಕ್ರಮ ಅವರಿಗೆ ಗೊತ್ತಿತ್ತು. ಅದೇ ಏರಿಕೆಯಲ್ಲಿ ಹೋದರೆ 27 ಸಲ ವರ್ಗ ಮಾಡುವಷ್ಟರಲ್ಲಿ, ನಡುನಡುವೆ ಎರಡರಿಂದ ಗುಣಿಸುತ್ತಾ, 2^136279841ನ್ನು ಮುಟ್ಟಬಹುದು.

ಚನ್ನರಾಯಪಟ್ಟಣದವನು

ಈ 2^96ರ ವಿಷಯ ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ ಮೇಡಂ.

ಕಡೂರಿನ ಓದುಗ

ಒಂದು ಸಂಶಯ. ಇದು ಅತಿ ದೊಡ್ಡ ಅವಿಭಾಜ್ಯ ಎಂದಾದರೆ, ಇದುವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಗುಣಿಸಿ ಒಂದು ಕೂಡಿಸಿದರೆ ಇನ್ನೂ ದೊಡ್ಡ ಅವಿಭಾಜ್ಯ ಸಿಗುವುದಲ್ಲವೇ? ಯೂಕ್ಲಿಡ್ ಹೇಳಿದ್ದು ಅದೇ ಅಲ್ಲವೇ?

ಬೇಲೂರಿನ ಪಿಯುಸಿ ಹುಡುಗ

ಇಲ್ಲ ಸರ್. ಯೂಕ್ಲಿಡ್ ಹೇಳಿದ್ದು ಹಾಗೆ ಬಂದ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಹೊಸವು ಎಂದು, ಆ ಸಂಖ್ಯೆಯೇ ಅವಿಭಾಜ್ಯ ಎಂದಲ್ಲ. 2 × 3 × 5 × 7 × 11 × 13 + 1 = 30031, ಅದು 59 × 509. ಇನ್ನು ನಮ್ಮ ಸಂಖ್ಯೆ ‘ಅತಿ ದೊಡ್ಡದು’ ಅಲ್ಲ, ಸದ್ಯಕ್ಕೆ ತಿಳಿದವುಗಳಲ್ಲಿ ದೊಡ್ಡದು. ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ.

ಹಾಸನದ ನಿವೃತ್ತ ಉಪನ್ಯಾಸಕ

ಹುಡುಗ ಸರಿಯಾಗಿ ಹೇಳಿದ್ದಾನೆ. ಇನ್ನೊಂದು ಮಾತು: ಇದಕ್ಕೂ ಹಿಂದಿನ ದಾಖಲೆ 2018ರಲ್ಲಿ ಸಿಕ್ಕ 2^82589933 − 1. ಈ ಎರಡರ ನಡುವೆ ಊಹಿಸಲಾಗದಷ್ಟು ಅವಿಭಾಜ್ಯಗಳಿವೆ, ಆದರೆ ಅವುಗಳಿಗೆ ಹೀಗೆ ಸುಲಭವಾಗಿ ಪರೀಕ್ಷಿಸಬಹುದಾದ ಆಕಾರವಿಲ್ಲ. ಮರ್ಸೆನ್ ಅವಿಭಾಜ್ಯಗಳಾಗಿ ತಿಳಿದಿರುವುದು 52 ಮಾತ್ರ, ಮತ್ತು ಅವು ಅನಂತವಾಗಿವೆಯೇ ಎಂಬುದನ್ನು ಯಾರೂ ಸಾಧಿಸಿಲ್ಲ. 2, 3, 7, 127, 2^127 − 1 ಎಂಬ ಸರಣಿಯನ್ನು ನೋಡಿ: ಪ್ರತಿಯೊಂದೂ ಹಿಂದಿನದನ್ನು ಘಾತಾಂಕವಾಗಿ ಇಟ್ಟುಕೊಂಡದ್ದು, ಐದೂ ಅವಿಭಾಜ್ಯ. ಆರನೆಯದು ಅವಿಭಾಜ್ಯವೇ ಎಂಬುದು ಇಂದಿಗೂ ತಿಳಿದಿಲ್ಲ. 8191 ಕೂಡ ಮರ್ಸೆನ್ ಅವಿಭಾಜ್ಯವೇ, ಆದರೆ 2^8191 − 1 ಸಂಯುಕ್ತ. ಆದ್ದರಿಂದ ಸರಣಿಯ ಚೆಲುವನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ.

ಚನ್ನರಾಯಪಟ್ಟಣದವನು

ಇದರಿಂದ ಪ್ರಯೋಜನವೇನು ಎಂದು ಯಾರೂ ಕೇಳಲಿಲ್ಲ. ಬ್ಯಾಂಕಿನ ಭದ್ರತೆಗೆ ಇದನ್ನು ಬಳಸುತ್ತಾರೆಂದು ಓದಿದ್ದೆ.

ಸಕಲೇಶಪುರದಿಂದ ಸಾಫ್ಟ್‌ವೇರಿಗೆ ಹೋದವನು

ಪತ್ರಿಕೆಗಳಲ್ಲಿ ಹಾಗೆ ಬರೆಯುತ್ತಾರೆ, ಅದು ಸರಿಯಲ್ಲ. ಆರ್‌ಎಸ್‌ಎ ಗೂಢಲಿಪಿಗೆ ಬೇಕಾಗುವುದು ಸುಮಾರು 300 ಅಂಕಿಗಳ, ಯಾರಿಗೂ ಗೊತ್ತಿರದ ಅವಿಭಾಜ್ಯಗಳು. ಇಡೀ ಜಗತ್ತಿಗೆ ಗೊತ್ತಿರುವ ಸಂಖ್ಯೆ ಗುಟ್ಟಿನ ಕೀಲಿಯಾಗಲಾರದು. ಚಿಕ್ಕ ಮರ್ಸೆನ್ ಅವಿಭಾಜ್ಯಗಳಿಗೆ ಮಾತ್ರ ಬೇರೆ ಬಳಕೆಗಳಿವೆ: 2^521 − 1ರ ಮೇಲೆ ಕಟ್ಟಿದ ಗೂಢಲಿಪಿ ವಿಧಾನವಿದೆ, ಅಲ್ಲಿ ಉಪಯೋಗಕ್ಕೆ ಬರುವುದು ಆಗ ಹೇಳಿದ ಕತ್ತರಿಸಿ ಕೂಡುವ ಅನುಕೂಲವೇ.

ಅವಿಭಾಜ್ಯಗಳ ಮೇಲಿನ ಇಂಥ ಲೆಕ್ಕಗಳ ದೊಡ್ಡ ಲಾಭ ಪಕ್ಕದಲ್ಲಿ ಬಂದದ್ದು. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಜೋಡಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ, ಉತ್ತರ ಹೊಂದದಿರುವುದನ್ನು ಬೆನ್ನಟ್ಟಿ ಹೋಗಿ, ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲೇ ದೋಷವಿರುವುದನ್ನು ಪತ್ತೆಮಾಡಿದರು.

ತರೀಕೆರೆಯ ಅಧ್ಯಾಪಿಕೆ

ಪ್ರಯೋಜನ ಇರಲೇಬೇಕೆಂಬ ಒತ್ತಾಯವನ್ನು ನಾನು ಒಪ್ಪುವುದಿಲ್ಲ. 2^136279840ನ್ನು ಈ ಅವಿಭಾಜ್ಯದಿಂದ ಗುಣಿಸಿದರೆ 8,20,48,640 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲವನ್ನೂ ಕೂಡಿದರೆ ತಾನೇ ಆಗುವ, 6, 28, 496, 8128ರ ವಂಶದ ಸಂಖ್ಯೆ. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ ಇಂಥದೊಂದು ಬರುತ್ತದೆಂದು ಯೂಕ್ಲಿಡ್ ತೋರಿಸಿದ, ಸಮ ಪರಿಪೂರ್ಣ ಸಂಖ್ಯೆಗಳೆಲ್ಲವೂ ಹೀಗೆಯೇ ಬರಬೇಕೆಂದು ಆಯ್ಲರ್ ಸಾಧಿಸಿದ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬುದು ಎರಡು ಸಾವಿರ ವರ್ಷ ಕಳೆದರೂ ಬಗೆಹರಿದಿಲ್ಲ. ಮಕ್ಕಳ ಕಣ್ಣರಳಿಸಲು ನನಗೆ ಇಷ್ಟು ಸಾಕು.

ಮೂಡಿಗೆರೆ ತೋಟದವನು

ಪರೀಕ್ಷೆ ‘ಇಲ್ಲ’ ಎನ್ನುವುದನ್ನೂ ಕಣ್ಣಾರೆ ನೋಡಬೇಕೆಂದು ಕಾಗದದ ಮೇಲೆ 2047ಕ್ಕೆ ಮಾಡಿದೆ. 2048ರಲ್ಲಿ ಕತ್ತರಿಸಿ ಕೂಡುತ್ತಾ ಹೋದಾಗ ಬಂದದ್ದು: 4, 14, 194, 788, 701, 119, 1877, 240, 282, 1736. ಒಂಬತ್ತು ಹೆಜ್ಜೆ ಮುಗಿದವು, ಸೊನ್ನೆ ಬರಲಿಲ್ಲ. ಆದರೆ 1736ರಲ್ಲಿ 23ರ ಸುಳಿವೂ ಇಲ್ಲ, 89ರ ಸುಳಿವೂ ಇಲ್ಲ. ಉಪನ್ಯಾಸಕರು ಒಮ್ಮೆ ಪರಿಶೀಲಿಸಬೇಕು.

ಹಾಸನದ ನಿವೃತ್ತ ಉಪನ್ಯಾಸಕ

ಹತ್ತೂ ಸರಿಯಾಗಿವೆ. ಪರೀಕ್ಷೆ ಅಪವರ್ತನಗಳ ಸುಳಿವು ಕೊಡುವುದಿಲ್ಲ, ಸಂಯುಕ್ತವೆಂದಷ್ಟೇ ಹೇಳುತ್ತದೆ. ಮುಂದಿನದು 8191, ಹನ್ನೊಂದು ಹೆಜ್ಜೆ. ಟೀಚರಮ್ಮ, ತರಗತಿಯಲ್ಲಿ ಹನ್ನೊಂದು ಮಕ್ಕಳಿಗೆ ಒಂದೊಂದು ಹೆಜ್ಜೆ ಹಂಚಿಕೊಡಿ, ಪ್ರತಿ ಹೆಜ್ಜೆಯನ್ನೂ ಪಕ್ಕದ ಮಗುವಿನಿಂದ ಪರಿಶೀಲಿಸಿಸಿ.